ಬೆಂಕಿಪೊಟ್ಟಣದ ಎಡಗಡೆ ಸೀಟು

ಮೊನ್ನೆ ಗ್ಯಾರೇಜಿನಲ್ಲಿ ನನ್ನ ಕಾರಿನ ಎಡಗಡೆ ಸೀಟು ಬಿಚ್ಚಿ ಹೊರಗಿಟ್ಟಾಗ ಅದರ ಕೆಳಗೆ ಅವರೆ ಗಿಡ ಹುಟ್ಟಿತ್ತು. ಸುಳ್ಳಲ್ಲ ಕಣ್ರೀ. ಬೆರಳುದ್ದದ ಎರಡು ಮೊಳಕೆಗಳು ಬಿಸಿಲು ಕಾಣದೆ ಬಿಳಿಚಿಕೊಂಡು, ಕಾಲುಹಾಸಿನ ಅಂಚಿನಿಂದ ತಲೆ ಹೊರಗೆ ಹಾಕಿ, ಯಾರು ಬಂದದ್ದು ಅಂತ ನೋಡುವ ಹಾಗೆ ನಿಂತಿದ್ದವು. ಆ ವಾರ ಹೊಡೆದ ಮಳೆಗೆ ಬಾಗಿಲಿನ ರಬ್ಬರ್ ಸಂದಿಯಿಂದ ನೀರು ಇಳಿದಿರಬೇಕು. ಗ್ಯಾರೇಜಿನ ನಾಗರಾಜು ಪಾನಾ ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿ, "ಅಕ್ಕಾ, ಇದು ಕಾರೋ ಇತ್ಲೋ?" ಅಂದ. ಹಿತ್ತಲು ಅಂತಲೇ ಇಟ್ಟುಕೋ ಮಾರಾಯ, ಮೊದಲು ಅದನ್ನು ಹುಷಾರಾಗಿ ಕಿತ್ತು ಕೊಡು ಅಂದೆ.

ಸೀಟನ್ನು ಯಾಕೆ ಬಿಚ್ಚಿಸಿದೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಅವರೆಕಾಳು ಅಲ್ಲಿಗೆ ಹೇಗೆ ಬಂತು ಅಂತ ಹೇಳಬೇಕು. ಅದಕ್ಕೂ ಮೊದಲು ಈ ಕಾರಿನ ಸಮಾಚಾರ ಹೇಳಬೇಕು, ಅದಕ್ಕೂ ಮೊದಲು ನನ್ನದೇ ಒಂದಿಷ್ಟು ಹೇಳಿಕೊಳ್ಳಬೇಕು. ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗುವುದು ನನಗೆ ಕಷ್ಟವಲ್ಲ. ರಿವರ್ಸ್ ಗೇರಿನಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ.

ನಾನು ನಂಜನಗೂಡಿನಲ್ಲಿ ರವಿಕೆ ಹೊಲಿಯುವವಳು. ಹೆಸರು ಪುಟ್ಟತಾಯಮ್ಮ. ಹೆಸರಿಟ್ಟ ಅಜ್ಜಿಗೆ ಮುಂದಾಗುವುದು ಹೇಗೆ ಗೊತ್ತಾಯಿತೋ ಕಾಣೆ, ಏಳನೇ ಕ್ಲಾಸಿನಲ್ಲಿ ಎಷ್ಟೆತ್ತರ ಇದ್ದೆನೋ ಇವತ್ತಿಗೂ ಅಷ್ಟೇ ಇದ್ದೇನೆ. ಬಸ್ಸಿನ ಮೇಲುಗಂಬಿ ನನ್ನ ಕೈಗೆ ಒಂದು ದಿನಕ್ಕೂ ಸಿಕ್ಕಿಲ್ಲ. ಪಕ್ಕದವರ ಸೆರಗನ್ನೋ ಸೀಟಿನ ಹಿಡಿಯನ್ನೋ ಹಿಡಿದುಕೊಂಡೇ ಮೈಸೂರು ಮುಟ್ಟಿದವಳು ನಾನು. ಬ್ರೇಕ್ ಹಾಕಿದಾಗೆಲ್ಲ ಯಾರ ಕಂಕುಳಿಗಾದರೂ ಹೋಗಿ ಮುಖ ಇಡುತ್ತಿದ್ದೆ. ಕುಳ್ಳಗಿರುವವರ ಕಷ್ಟ ಉದ್ದ ಇರುವವರಿಗೆ ಹೇಳಿದರೆ ನಗುತ್ತಾರೆಯೇ ಹೊರತು ಯಾರೂ ಬಗ್ಗಿ ಕೇಳಿಸಿಕೊಳ್ಳುವುದಿಲ್ಲ.

ಸಣ್ಣ ಜಾಗ ಅಂದರೆ ನನಗೆ ಚಿಕ್ಕಂದಿನಿಂದಲೂ ಪ್ರಾಣ. ನಮ್ಮ ಮನೆಯಲ್ಲಿ ರಾಗಿ ತುಂಬುವ ಮಣ್ಣಿನ ವಾಡೆ ಒಂದಿತ್ತು. ಸುಗ್ಗಿಗೆ ಮುಂಚೆ ಅದು ಖಾಲಿಯಾದಾಗ ನಾನು ಒಳಗೆ ಇಳಿದು ಕೂರುತ್ತಿದ್ದೆ. ತಣ್ಣಗೆ, ಮಣ್ಣಿನ ವಾಸನೆ, ತಳದಲ್ಲಿ ಉಳಿದ ನಾಲ್ಕು ರಾಗಿ ಕಾಳು ಕಾಲಿಗೆ ಅಂಟಿಕೊಳ್ಳುವುದು, ಮೇಲೆ ಬಾಯಿಯಷ್ಟಗಲ ಬೆಳಕು. ಒಳಗಿನಿಂದ ಕೂಗಿದರೆ ನನ್ನ ದನಿಯೇ ಗಂಡಸಿನ ದನಿಯಾಗಿ ವಾಪಸು ಬರುತ್ತಿತ್ತು. ಅಕ್ಕ ಊರೆಲ್ಲ ಹುಡುಕಿ ಸುಸ್ತಾಗಿ ಬಂದು ವಾಡೆಗೆ ಬಾಯಿಟ್ಟು, "ಬಾರೇ ಮ್ಯಾಲ್ಕೆ, ಮುಚ್ಚುಳ ಮುಚ್ಬುಡ್ತೀನಿ" ಅಂತ ಹೆದರಿಸುತ್ತಿದ್ದಳು. ಅವಳು ಉದ್ದ. ಅವಳಿಗೆ ವಾಡೆಯೊಳಗೆ ಇಳಿಯಲು ಆಗುತ್ತಿರಲಿಲ್ಲ ಅಂತ ಅವಳಿಗೆ ಹೊಟ್ಟೆಯುರಿ. ಇದನ್ನು ಅವಳು ಈಗಲೂ ಒಪ್ಪುವುದಿಲ್ಲ.

ಇನ್ನೊಂದು ಅಪ್ಪನ ಸೈಕಲ್ಲು. ಹಿಂದಿನ ಕ್ಯಾರಿಯರ್ ಮೇಲೆ ಅಕ್ಕ, ಮುಂದಿನ ಅಡ್ಡಕಂಬಿಗೆ ಟವೆಲ್ ಸುತ್ತಿ ನಾನು. ಅಪ್ಪನ ಎರಡು ತೋಳು ಎರಡು ಕಡೆಯ ಬಾಗಿಲು. ಅವರ ಹಣೆಯ ವಿಭೂತಿ ಬೆವರಿಗೆ ಕರಗಿ ನನ್ನ ತಲೆ ಮೇಲೆ ತೊಟ್ಟಿಕ್ಕುತ್ತಿತ್ತು. ನರಸೀಪುರದ ಸೇತುವೆ ಮೇಲೆ ಗಾಳಿ ಎದುರಾದರೆ ಅಪ್ಪ ಬಗ್ಗುತ್ತಿದ್ದರು, ಬಗ್ಗಿದಷ್ಟೂ ನನ್ನ ಕೋಣೆ ಚಿಕ್ಕದಾಗುತ್ತಿತ್ತು, ಚಿಕ್ಕದಾದಷ್ಟೂ ನನಗೆ ಧೈರ್ಯ ಹೆಚ್ಚುತ್ತಿತ್ತು. ಬೆಲ್ಲು ಹೊಡೆಯುವ ಅಧಿಕಾರ ನನ್ನದು. ಎಮ್ಮೆಗೂ ಹೊಡೆಯುತ್ತಿದ್ದೆ, ಮೈಲಿಗಲ್ಲಿಗೂ ಹೊಡೆಯುತ್ತಿದ್ದೆ.

ಇರಲಿ. ಕಾರಿಗೆ ಬರೋಣ.

ನಮ್ಮ ಯಜಮಾನರು ಗುರುಮಲ್ಲಪ್ಪನವರು ಪೇಟೆಯಲ್ಲಿ ಬಿತ್ತನೆ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಆಳು ಆರಡಿ. ಅಗಲವೂ ಧಾರಾಳ. ಅವರ ಜುಬ್ಬಾಕ್ಕೆ ಹೋಗುವ ಬಟ್ಟೆಯಲ್ಲಿ ನನಗೆ ಎರಡು ಲಂಗ ಆಗುತ್ತದೆ. ಕಾರು ಓಡಿಸಲು ಬಂದರೂ ಅವರಿಗೆ ಸ್ಕೂಟರೇ ಸಾಕಾಗಿತ್ತು. ನನಗೆ ಸಾಕಾಗಿರಲಿಲ್ಲ. ಮದುವೆ ಸೀಸನ್ನು ಬಂದರೆ ಹುಲ್ಲಹಳ್ಳಿ, ಚಿಕ್ಕಯ್ಯನಛತ್ರ ಅಂತ ಸುತ್ತಿ ಅಳತೆ ತಗೊಂಡು, ಮತ್ತೆ ಹೋಗಿ ರವಿಕೆ ತಲುಪಿಸಿ ಬರಬೇಕು. ಬಸ್ಸಿನಲ್ಲಿ ರೇಷ್ಮೆ ರವಿಕೆಯ ಗಂಟು ತೊಡೆ ಮೇಲಿಟ್ಟುಕೊಂಡು ಹೋದರೆ ಪಕ್ಕದವರ ಹೂಕೋಸು ಅದರ ಮೇಲೆ ಬಂದು ಕೂರುತ್ತಿತ್ತು. ಹಿಂದಿನ ಬೀದಿಯ ಡಾಕ್ಟರಮ್ಮ ವಯಸ್ಸಾಯಿತು ಅಂತ ತಮ್ಮ ಪುಟ್ಟ ಬಿಳಿ ಕಾರನ್ನು ಮಾರುತ್ತೇನೆ ಅಂದ ದಿನ ನಾನು ಯಾರನ್ನೂ ಕೇಳದೆ ನನ್ನ ಹೊಲಿಗೆ ದುಡ್ಡಿನಲ್ಲಿ ಕೊಂಡುಬಿಟ್ಟೆ. ಓಡಿಸುವುದಕ್ಕೆ ಆಮೇಲೆ ಕಲಿತೆ. ಡ್ರೈವಿಂಗ್ ಸ್ಕೂಲಿನವರ ಕಾರು ದೊಡ್ಡದು. ಕಲಿಸುವಾತ ಮೊದಲ ದಿನವೇ, "ಅಕ್ಕಾವ್ರೇ, ರೋಡ್ ಕಾಣ್ತದಾ?" ಅಂದ. ಆಕಾಶ ಚೆನ್ನಾಗಿ ಕಾಣ್ತದೆ ಅಂದೆ. ಮಾರನೇ ದಿನದಿಂದ ನಿಮ್ಮ ಕಾರನ್ನೇ ತನ್ನಿ ಅಂದುಬಿಟ್ಟ.

ನನ್ನ ಕಾರಿನಲ್ಲಿ ಕೂತ ಮೊದಲ ದಿನ ನನಗೆ ಆದದ್ದು ಏನು ಅಂತ ಸರಿಯಾಗಿ ಹೇಳಬೇಕಾದರೆ ರವಿಕೆಯ ಮಾತನ್ನೇ ಎತ್ತಬೇಕು. ಅಳತೆಗೆ ಹೊಲಿದ ರವಿಕೆ ಹಾಕಿಕೊಂಡವರಿಗೆ ರವಿಕೆ ಹಾಕಿಕೊಂಡಿರುವುದು ಮರೆತುಹೋಗುತ್ತದೆ. ಹಾಗಾಯಿತು. ಕಾಲು ಸಲೀಸಾಗಿ ಬ್ರೇಕಿಗೆ ಸಿಕ್ಕಿತು, ಕೈ ಗೇರಿಗೆ ಸಿಕ್ಕಿತು, ನಾಲ್ಕು ಮೂಲೆಯೂ ಕಣ್ಣಿಗೆ ಸಿಕ್ಕಿದವು. ಕಾರು ಎಲ್ಲಿ ಮುಗಿಯುತ್ತದೆ, ಲೋಕ ಎಲ್ಲಿ ಶುರುವಾಗುತ್ತದೆ ಅಂತ ಲೆಕ್ಕ ಹಾಕಬೇಕಾಗಿಯೇ ಇಲ್ಲ. ಕಿಟಕಿ ಇಳಿಸಿದರೆ ಕಬ್ಬಿನ ಗಾಡಿಯ ಎತ್ತಿನ ಉಸಿರು ಕೆನ್ನೆಗೆ ತಾಗುತ್ತದೆ. ಮನೆಗೆ ಬಂದು ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಅವರು ಕಾರನ್ನು ಒಂದು ಸುತ್ತು ಹಾಕಿ, ಬಾನೆಟ್ ಮೇಲೆ ಬೆರಳಿನಿಂದ ಕುಟ್ಟಿ ನೋಡಿ, "ಬೆಂಕಿಪೊಟ್ಟಣ" ಅಂದರು. ಆ ಹೆಸರೇ ನಿಂತಿತು.

ದೊಡ್ಡ ಕಾರುಗಳನ್ನು ನಾನು ಬೈಯುವುದಿಲ್ಲ. ಅವುಗಳ ಪಾಡು ನೋಡಿ ಅಯ್ಯೋ ಅನ್ನಿಸುತ್ತದೆ ಅಷ್ಟೆ. ಸೋಮವಾರ ಬಂತು ಅಂದರೆ ನಂಜುಂಡನ ದರ್ಶನಕ್ಕೆ ಎಲ್ಲೆಲ್ಲಿಂದಲೋ ಕಾರುಗಳು ಬರುತ್ತವೆ. ಒಂದು ಸಲ ಹಡಗಿನಂಥದ್ದೊಂದು ಮೊಬೈಲಿನ ದಾರಿ ನಂಬಿಕೊಂಡು ನಮ್ಮ ಓಣಿಗೆ ನುಗ್ಗಿ, ಒಂದು ಕಡೆ ಸಾವಿತ್ರಮ್ಮನ ಜಗಲಿ, ಇನ್ನೊಂದು ಕಡೆ ನಲ್ಲಿ ಕಟ್ಟೆ, ಮಧ್ಯೆ ಸಿಕ್ಕಿಕೊಂಡು ನಿಂತಿತು. ಬಾಗಿಲು ತೆಗೆಯಲು ಜಾಗವಿಲ್ಲ. ಒಳಗಿದ್ದ ಸಂಸಾರ ಗಾಜಿನ ಹಿಂದೆ ಪಿಳಿಪಿಳಿ ನೋಡುತ್ತಿತ್ತು. ಓಣಿಯವರೆಲ್ಲ ಕೆಲಸ ಬಿಟ್ಟು ಬಂದು, ಒಬ್ಬರು ಲೆಫ್ಟು ಅಂದರೆ ಒಬ್ಬರು ರೈಟು ಅಂದು, ಸಾವಿತ್ರಮ್ಮ ಮಾತ್ರ "ನಮ್ ಜಗ್ಲಿಗೆ ಮುಟ್ಸುದ್ರೆ ನೋಡಿ ಮತ್ತೆ" ಅಂತ ಪೊರಕೆ ಹಿಡಿದು ನಿಂತಿದ್ದರು. ಕೊನೆಗೆ ಆ ಯಜಮಾನರು ಹಿಂದುಗಡೆಯ ಡಿಕ್ಕಿ ಬಾಗಿಲಿನಿಂದ ಹಣ್ಣುಕಾಯಿ ಬುಟ್ಟಿ ಸಮೇತ ಹೊರಗೆ ಬಂದರು. ಅದೇ ಓಣಿಯಲ್ಲಿ ನಾನು ದಿನಾ ಬೆಳಿಗ್ಗೆ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಸಾವಿತ್ರಮ್ಮನಿಗೆ ನಮಸ್ಕಾರ ಮಾಡಿಕೊಂಡು ಹೋಗುತ್ತೇನೆ.

ಇಷ್ಟು ಚೆನ್ನಾಗಿರುವಾಗ ತೊಂದರೆ ಎಲ್ಲಿಂದ ಬಂತು ಅಂದರೆ, ಎಡಗಡೆಯಿಂದ. ಎಡಗಡೆ ಸೀಟಿನಲ್ಲಿ ಕೂರುವವರು ನಮ್ಮ ಯಜಮಾನರು. ಆರಡಿ ದೇಹವನ್ನು ಆ ಸೀಟಿಗೆ ಮಡಚಿ ಇಡುವುದೇ ಒಂದು ಕೆಲಸ. ಮೊದಲು ತಲೆ, ಆಮೇಲೆ ಹೊಟ್ಟೆ, ಕೊನೆಗೆ ಒಂದೊಂದೇ ಕಾಲು. "ಮಂಡಿ ಬಂದು ಗಲ್ಲಕ್ಕೆ ಹೊಡೀತದೆ ಕಣೇ" ಅನ್ನುವರು. ಅದು ನಿಜವೇ. ಆದರೆ ಅವರು ಅಷ್ಟಕ್ಕೆ ಸುಮ್ಮನಿರಬೇಕಲ್ಲ. ಇಲ್ಲದ ಬ್ರೇಕನ್ನು ಎಡಗಾಲಿನಲ್ಲಿ ಒತ್ತುತ್ತಾ, "ನಿಧಾನ, ನಿಧಾನ... ನಾಯಿ... ನಾಯಿ ಕಾಣ್ತಾ?" ಅನ್ನುತ್ತಲೇ ಇರುತ್ತಾರೆ. ನಾಯಿ ಹೊಲದಲ್ಲಿ ಎಲ್ಲೋ ಮಲಗಿರುತ್ತದೆ. ಅವರು ಒತ್ತಿ ಒತ್ತಿ ಆ ಕಡೆಯ ಕಾಲುಹಾಸು ತೂತೇ ಬಿದ್ದಿದೆ.

ಹೋದ ಸಂಕ್ರಾಂತಿಗೆ ಸ್ವಲ್ಪ ಮುಂಚೆ ನನ್ನ ಮೈದುನ ಮೈಸೂರಿನಲ್ಲಿ ದೊಡ್ಡ ಕಾರು ಕೊಂಡ. ಏಳು ಜನ ಕೂರುವಂಥದ್ದು. ಅದನ್ನು ನೋಡಿ ಬಂದ ದಿನದಿಂದ ಯಜಮಾನರಿಗೆ ಊಟ ರುಚಿಸಲಿಲ್ಲ. ನಮಗೂ ಅಂಥದ್ದೇ ಬೇಕು ಅಂದರು. ತಗೊಳ್ಳಿ, ನಾನು ಬೇಡ ಅಂತೀನಾ ಅಂದೆ. ಆದರೆ ನಮ್ಮ ಗೇಟಿನೊಳಗೆ ಇರುವುದು ಒಂದೇ ಕಾರಿಗೆ ಜಾಗ. ದೊಡ್ಡದು ಬರಬೇಕಾದರೆ ಚಿಕ್ಕದು ಹೋಗಬೇಕು. ಷೋರೂಮಿನವರು ಹಳೆಯದನ್ನು ತಗೊಂಡು ಹೊಸದು ಕೊಡುತ್ತಾರಂತೆ, ಸಂಕ್ರಾಂತಿ ಕಳೆದ ಸೋಮವಾರ ಬಂದು ಒಯ್ಯುತ್ತಾರಂತೆ. "ನೀನೂ ಅದನ್ನೇ ಓಡ್ಸು, ಯಾರ್ ಬೇಡ ಅಂದ್ರು?" ಅಂದರು ಯಜಮಾನರು.

ಓಡಿಸಿ ನೋಡೋಣ ಅಂತ ಷೋರೂಮಿಗೂ ಹೋದೆ ಅನ್ನಿ. ಹತ್ತುವಾಗಲೇ ಸೀರೆ ನೆರಿಗೆ ಕಾಲಿಗೆ ಸಿಕ್ಕಿ ಮುಗ್ಗರಿಸಿದೆ. ಕೂತರೆ ಬಾನೆಟ್ಟು ಬಿಟ್ಟು ಬೇರೇನೂ ಕಾಣಿಸಲಿಲ್ಲ. ಸೇಲ್ಸಿನ ಹುಡುಗ ಬಹಳ ಮರ್ಯಾದೆಯಿಂದ, "ಸೀಟ್ ಮೇಲೆತ್ತಬೋದು ಮೇಡಂ" ಅಂತ ಎತ್ತಿದ. ರಸ್ತೆ ಕಾಣಿಸಿತು, ಕಾಲು ಎಟುಕಲಿಲ್ಲ. ಮುಂದೆ ಎಳೆದ. ಕಾಲು ಎಟುಕಿತು, ಸ್ಟಿಯರಿಂಗ್ ಎದೆಗೆ ಒತ್ತಿಕೊಂಡು ಉಸಿರು ಕಟ್ಟಿತು. ಮರುದಿನ ಮನೆಯಲ್ಲಿ ಚಿಂದಿ ಬಟ್ಟೆ ತುಂಬಿ ಒಂದು ದಿಂಬು ಹೊಲಿದೆ. ಮನಸ್ಸಿಟ್ಟೇ ಹೊಲಿದೆ, ಅಂಚಿಗೆ ಪೈಪಿಂಗ್ ಕೂಡ ಕೊಟ್ಟೆ. ದಿಂಬಿನ ಮೇಲೆ ಕೂತು ಇನ್ನೊಮ್ಮೆ ನೋಡಿದೆ. ಜಾರಿಕೊಂಡು ಕೆಳಗೆ ಬಂದೆ. ಆ ಹುಡುಗ ನಗು ತಡೆಯಲು ತನ್ನ ಟೈ ಸರಿಮಾಡಿಕೊಳ್ಳತೊಡಗಿದ.

ಅವತ್ತು ರಾತ್ರಿ ನನಗೆ ನಗು ಬರಲಿಲ್ಲ. ಬೆಂಕಿಪೊಟ್ಟಣ ಹೋಯಿತು ಅಂದರೆ ನಾನು ಕಾರು ಓಡಿಸುವುದೂ ಹೋಯಿತು. ಹುಲ್ಲಹಳ್ಳಿಗೆ ಹೋಗಬೇಕಾದರೆ ಯಜಮಾನರಿಗೆ ಬಿಡುವಿದೆಯಾ ಅಂತ ಕೇಳಬೇಕು. ಅಕ್ಕನನ್ನು ನೋಡಬೇಕು ಅನ್ನಿಸಿದರೆ ಅವರ ಮುಖ ನೋಡಬೇಕು. ಅವರು ಕೆಟ್ಟವರಲ್ಲ, ಕೇಳಿದರೆ ಕರೆದುಕೊಂಡೇ ಹೋಗುತ್ತಾರೆ. ಆದರೆ ಕೇಳದೆ ಹೋಗಿ ಬರುವ ರುಚಿ ಒಂದು ಸಲ ಹತ್ತಿದ ಮೇಲೆ ಮತ್ತೆ ಕೇಳಿಕೊಂಡು ಬದುಕುವುದು ಹೇಗೆ? ಇದನ್ನು ಅವರಿಗೆ ಬಾಯಿಬಿಟ್ಟು ಹೇಳಲೂ ಆಗಲಿಲ್ಲ.

ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ, ಅಂದರೆ ಷೋರೂಮಿನವರು ಬರುವ ಹಿಂದಿನ ದಿನ, ಯಜಮಾನರು ಕೈ ಕುದುರಿಸಿಕೊಳ್ಳುವುದಕ್ಕೆ ಅಂತ ತಮ್ಮನ ದೊಡ್ಡ ಕಾರನ್ನು ಒಂದು ದಿನದ ಮಟ್ಟಿಗೆ ತಂದರು. "ನಡಿ, ನಿಮ್ಮಕ್ಕನ ಮನೆಗೆ ಹೋಗಿಬರೋಣ. ಸುಖ ಅಂದ್ರೇನು ಅಂತ ಗೊತ್ತಾಗ್ತದೆ" ಅಂದರು. ಅಕ್ಕನ ಊರು ನರಸೀಪುರಕ್ಕೆ ಒಂದಿಷ್ಟು ಈಚೆಗೆ. ನಾನು ಸೆರಗು ಸಿಕ್ಕಿಸಿಕೊಂಡು, "ನೀವು ಅದ್ರಲ್ಲಿ ಬನ್ನಿ. ನಾನು ನನ್ನದ್ರಲ್ಲೇ ಬರ್ತೀನಿ. ಕಡೇ ಸಲ" ಅಂದೆ. ಹೀಗೆ ಏಳು ಸೀಟಿನ ಕಾರಿನಲ್ಲಿ ಅವರೊಬ್ಬರೇ, ಹಿಂದೆ ನನ್ನ ಬೆಂಕಿಪೊಟ್ಟಣದಲ್ಲಿ ನಾನೊಬ್ಬಳೇ, ಮೆರವಣಿಗೆ ಹೊರಟಿತು. ಓಣಿ ದಾಟುವಾಗ ಸಾವಿತ್ರಮ್ಮ, "ಏನ್ರೀ ಪುಟ್ತಾಯಮ್ಮ, ಜಗ್ಳಾನಾ?" ಅಂತ ಕೇಳಿಯೇಬಿಟ್ಟರು.

ನಾಲೆ ಏರಿಯ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರು ಎದುರಾಯಿತು. ಯಜಮಾನರು ಹಾರನ್ ಹೊಡೆದರು, ಟ್ರ್ಯಾಕ್ಟರಿನವನೂ ಹೊಡೆದ. ಆಮೇಲೆ ಅವನು ಎಂಜಿನ್ ಆರಿಸಿ ಕೆಳಗಿಳಿದು ಬೀಡಿ ಹಚ್ಚಿದ. ಯಜಮಾನರು ಹಿಂದಕ್ಕೆ ಬರಬೇಕು. ಕಾರಿನಲ್ಲಿರುವ ಯಂತ್ರ ಒಂದೇ ಸಮನೆ ಕುಂಯ್ ಕುಂಯ್ ಅನ್ನುತ್ತಿದೆ, ಅವರು ಕತ್ತು ಹೊರಗೆ ಹಾಕಿ ಬೆವರುತ್ತಿದ್ದಾರೆ. ನಾನು ಎಡಕ್ಕೆ ಒಂದು ಚೂರು ಇಳಿಸಿ, ಅವರ ಕಾರಿನ, ಟ್ರ್ಯಾಕ್ಟರಿನ ಪಕ್ಕದಲ್ಲೇ ನುಸುಳಿಕೊಂಡು ಆಚೆಗೆ ಹೋದೆ. ಕಬ್ಬಿನ ಗರಿ ಕಾರಿನ ನೆತ್ತಿ ಸವರಿತು. ಬೀಡಿ ಸೇದುತ್ತಿದ್ದವನು, "ಭಲೆ ಅಕ್ಕಾವ್ರೇ!" ಅಂದ. ಬೇರೆ ದಿನವಾಗಿದ್ದರೆ ಹಿಗ್ಗುತ್ತಿದ್ದೆ. ಅವತ್ತು ಕಣ್ಣಲ್ಲಿ ನೀರು ಬಂತು.

ಅಕ್ಕನ ಊರಿನಲ್ಲಿ ಸುಗ್ಗಿಯ ಕಾಲಕ್ಕೆ ಕಣ ಮಾಡುವವರು ಈಗ ಕಡಿಮೆ. ಸರ್ಕಾರ ಹಾಕಿಸಿದ ಟಾರು ರಸ್ತೆಯೇ ಕಣ. ಅವರೆ, ಹುರುಳಿ, ರಾಗಿ ತೆನೆ, ಏನಿದ್ದರೂ ರಸ್ತೆ ಮೇಲೆ ಹರಡಿಬಿಟ್ಟರೆ ಹೋಗಿ ಬರುವ ಗಾಡಿಗಳು ತುಳಿದು ಒಕ್ಕಣೆ ಮಾಡಿಕೊಡುತ್ತವೆ. ರಸ್ತೆಯಲ್ಲಿ ಒಕ್ಕಣೆ ಮಾಡಬಾರದು ಅಂತ ಬೋರ್ಡೂ ಇದೆ. ಆ ಬೋರ್ಡಿನ ಕಂಬಕ್ಕೇ ಮೊರಗಳನ್ನು ಒರಗಿಸಿರುತ್ತಾರೆ. ಅಕ್ಕ ಕೊಕ್ಕೆ ಕೋಲು ಹಿಡಿದು ರಸ್ತೆ ಮಧ್ಯೆ ನಿಂತಳು ಅಂದರೆ ಲಾರಿಯವರೂ ಅವಳು ಹೇಳಿದ ಕಡೆಗೇ ಚಕ್ರ ಬಿಡಬೇಕು. ನನ್ನ ಕಾರಿಗೆ ಮಾತ್ರ ಅಲ್ಲಿ ಯಾವತ್ತೂ ಬೆಲೆಯಿರಲಿಲ್ಲ. ನಾನು ಆಸೆಯಿಂದ ತುಳಿಸಲು ಹೋದರೆ, "ಪಕ್ಕಕ್ ಆಕು ಪುಟ್ಟಿ, ಗುಬ್ಬಿ ನಡ್ದಂಗದೆ. ತೂಕ್ವೇ ಇಲ್ಲ ನಿನ್ ಗಾಡಿಗೆ" ಅಂತ ಓಡಿಸುತ್ತಿದ್ದಳು.

ಅವತ್ತೂ ಅವರೆ ಹರಡಿದ್ದಳು. ಹಿಂದಿನಿಂದ ಬಂದ ಯಜಮಾನರ ದೊಡ್ಡ ಕಾರು ಕಂಡಿದ್ದೇ ಅಕ್ಕನ ಮುಖ ಅರಳಿತು. "ಬನ್ನಿ ಬನ್ನಿ ಗುರುಮಲ್ಲಪ್ನೋರೇ, ಒಳ್ಳೆ ಟೇಮಿಗೆ ಬಂದ್ರಿ. ಇಂಗೇ ನಾಕು ಸುತ್ತು ಓಡಾಡ್ಸಿ, ಕಾಪಿ ತತ್ತೀನಿ" ಅಂದಳು. ನನ್ನನ್ನು ನೋಡಿ, "ನೀನು ಆ ಉಣ್ಸೆ ಮರದ ಕೆಳ್ಗೆ ನಿಲ್ಸೇ" ಅಂದಳು. ಒಡಹುಟ್ಟಿದವಳೂ ಕೈಬಿಟ್ಟಳಲ್ಲ ಅಂತ ನಾನು ಹುಣಸೆ ಮರದ ಬುಡದಲ್ಲಿ ಕಾರು ನಿಲ್ಲಿಸಿ, ಇಳಿಯದೆ ಒಳಗೇ ಮುಖ ಊದಿಸಿಕೊಂಡು ಕೂತೆ.

ಯಜಮಾನರ ಖುಷಿ ನೋಡಬೇಕಿತ್ತು. ಗಾಜು ಏರಿಸಿಕೊಂಡು, ಒಳಗೆ ತಣ್ಣನೆ ಗಾಳಿ ಹಾಕಿಕೊಂಡು, ವಚನದ ಹಾಡು ಹಚ್ಚಿಕೊಂಡು ಮುಂದಕ್ಕೆ ಹೋದರು, ಹಿಂದಕ್ಕೆ ಬಂದರು. ಅಕ್ಕ ಹೇಳಿದ್ದು ನಾಲ್ಕು ಸುತ್ತು. ಇವರು ಒಲೆ ಮೇಲೆ ಕಾಫಿ ಕುದಿಯುವಷ್ಟು ಹೊತ್ತೂ ಸುತ್ತಿದರು. ಅಷ್ಟು ಎತ್ತರದಲ್ಲಿ ಕೂತವರಿಗೆ ನೆಲದ ಮೇಲಿನ ಕಾಳು ಹೇಗೆ ಕಾಣಬೇಕು?

ಅಕ್ಕ ಕಾಫಿ ಲೋಟ ಹಿಡಿದು ಬಂದಳು. ಲೋಟ ಜಗಲಿ ಮೇಲಿಟ್ಟು ಸಿಪ್ಪೆ ಸರಿಸಿ ಒಂದು ಹಿಡಿ ಬಾಚಿದಳು. ಊದಿ ನೋಡಿದಳು. ಇನ್ನೊಂದು ಹಿಡಿ ಬಾಚಿದಳು. ಆಮೇಲೆ ಅವಳು ಕೂಗಿದ ಕೂಗಿಗೆ ಗಾಜು ಏರಿಸಿದ್ದ ಯಜಮಾನರೂ ಕಾರು ನಿಲ್ಲಿಸಿದರು.

"ಅಯ್ಯಯ್ಯೋ, ಬೀಜಕ್ಕಿಟ್ಟಿದ್ ಅವ್ರೆ ಕಣ್ರಪ್ಪಾ! ಎಲ್ಲಾ ಬೇಳೆ ಮಾಡ್ಬುಟ್ರಲ್ಲಾ!"

ಇಳಿದು ನೋಡಿದೆ. ಇಡೀ ಕಾಳು ಹುಡುಕಿದರೂ ಸಿಗುವುದು ಕಷ್ಟ. ಎಲ್ಲ ಎರಡು ಹೋಳು. ಯಜಮಾನರೂ ಇಳಿದು ಬಂದು ಒಂದು ಕಾಳನ್ನು ಬೆರಳಲ್ಲಿ ಹಿಡಿದು ನೋಡಿದರು. ಅವರ ಮುಖ ನೋಡಿ ನನಗೇ ಅಯ್ಯೋ ಪಾಪ ಅನ್ನಿಸಿತು.

ಅಕ್ಕ ಬಿಡಲಿಲ್ಲ. "ಊರ್ಗೆಲ್ಲಾ ಬೀಜ ಮಾರೋರು ನೀವು. ಬೀಜ ಯಾವ್ದು, ಬೇಳೆ ಯಾವ್ದು ಅಂತ ಗೊತ್ತಾಗ್ನಿಲ್ವಾ ನಿಮ್ಗೆ?"

"ನೀವೇ ಅಲ್ವೇನಮ್ಮ ಓಡಿಸಿ ಅಂದಿದ್ದು?" ಯಜಮಾನರು ಆ ಕಾಳನ್ನು ಮೆಲ್ಲಗೆ ಕೆಳಗಿಟ್ಟರು.

"ನಾಕು ಸುತ್ತು ಅಂದೆ. ಜಾತ್ರೆ ಮಾಡಿ ಅಂದ್ನಾ?"

ಅಷ್ಟರಲ್ಲಿ ಅಕ್ಕಪಕ್ಕದ ಹೆಂಗಸರೂ ಬಂದು ಸೇರಿದರು. ಪುಣ್ಯಕ್ಕೆ ಅರ್ಧ ಅವರೆ ಇನ್ನೂ ಜಗಲಿಯ ಪಕ್ಕ ಬಣವೆಯಲ್ಲೇ ಇತ್ತು. ಅಕ್ಕ ಸೊಂಟಕ್ಕೆ ಕೈ ಕೊಟ್ಟು ಅದನ್ನು ನೋಡಿದಳು, ದೊಡ್ಡ ಕಾರನ್ನು ನೋಡಿದಳು, ಆಮೇಲೆ ಹುಣಸೆ ಮರದ ಕಡೆ ತಿರುಗಿದಳು.

"ಲೇ ಪುಟ್ಟಿ. ತತ್ತಾ ನಿನ್ ಬೆಂಕಿಪೊಟ್ಣ."

"ತೂಕ ಇಲ್ಲ ಅಂದ್ಯಲ್ಲಾ" ಅಂದೆ. ಅಷ್ಟು ಸುಲಭಕ್ಕೆ ಬಿಡಲು ನಾನೇನು ಬಸವಣ್ಣನಾ?

"ಅದ್ಕೇ ತತ್ತಾ ಅಂತಾ ಇರೋದು. ಬಾಯ್ ಮುಚ್ಕಂಡ್ ಬಾ!"

ಹೋದೆ. ಕಿಟಕಿ ಇಳಿಸಿ, ಮೊದಲನೇ ಗೇರಿನಲ್ಲಿ, ಕ್ಲಚ್ಚಿನ ಮೇಲೆ ಕಾಲಿಟ್ಟು ನಿಧಾನವಾಗಿ. ನನ್ನ ಕಾರಿನಲ್ಲಿ ಕೂತರೆ ನೆಲ ಕೈಗೆ ಸಿಗುವಷ್ಟು ಹತ್ತಿರ. ಚಕ್ರದ ಕೆಳಗೆ ಒಣಗಿದ ಕಾಯಿ ಪಟಪಟ ಅನ್ನುವುದು ಕೇಳಿಸುತ್ತಿತ್ತು. ಆ ಸದ್ದು ನಿಂತ ಕಡೆ ಪಕ್ಕಕ್ಕೆ ಸರಿಯುತ್ತಿದ್ದೆ. ರಸ್ತೆ ತುದಿಯ ಚರಂಡಿಯ ಹತ್ತಿರ ಕಾರನ್ನು ಒಂದೇ ಏಟಿಗೆ ತಿರುಗಿಸಿಕೊಂಡು ಬರುತ್ತಿದ್ದೆ. ಅಕ್ಕ ಕೋಲಿನಿಂದ ಸೊಪ್ಪು ತಿರುವಿ ಹಾಕುತ್ತಾ, "ಬಾ, ಬಾ, ಇನ್ನೂ ಬಾ" ಅನ್ನುತ್ತಾ ಹಿಂದಕ್ಕೆ ನಡೆಯುತ್ತಿದ್ದಳು. ಅಪ್ಪನ ಸೈಕಲ್ಲಿನ ಬೆಲ್ಲು ನೆನಪಾಗಿ ಸುಮ್ಮಸುಮ್ಮನೆ ಹಾರನ್ ಹೊಡೆದೆ. ಕೊನೆಗೆ ಅಕ್ಕ ಬಗ್ಗಿ ಒಂದು ಹಿಡಿ ಬಾಚಿ, ಊದಿ, ಅಂಗೈಯನ್ನು ನನ್ನ ಕಿಟಕಿಯೊಳಗೇ ಚಾಚಿದಳು. ಒಂದೂ ಒಡೆದಿರಲಿಲ್ಲ. ಇದಕ್ಕೆ ಓದಿದವರು ಏನು ಕಾರಣ ಕೊಡುತ್ತಾರೋ ಗೊತ್ತಿಲ್ಲ, ಕಾಳು ಮಾತ್ರ ಮುತ್ತಿನ ಹಾಗೆ ಇಡಿಯಾಗಿ ಇತ್ತು. ಪಕ್ಕದ ಮನೆ ನಿಂಗವ್ವ, "ನಮ್ ಅಲಸಂದೆನೂ ಒಸಿ ತುಳ್ಸುಕೊಡವ್ವ" ಅಂತ ಮಂಕರಿ ಹೊತ್ತು ತಂದೇಬಿಟ್ಟಳು.

ಇಷ್ಟು ಹೊತ್ತೂ ಯಜಮಾನರು ಜಗಲಿ ಮೇಲೆ ಆರಿದ ಕಾಫಿ ಹಿಡಿದು ಕೂತು ನೋಡುತ್ತಿದ್ದರು. ನನಗೆ ಆಮೇಲೆ ಹೊಳೆಯಿತು. ಇಷ್ಟು ವರ್ಷದಲ್ಲಿ ಅವರು ನಾನು ಕಾರು ಓಡಿಸುವುದನ್ನು ಹೊರಗಿನಿಂದ ನೋಡಿರಲೇ ಇಲ್ಲ. ಒಳಗೆ ಕೂತು ನಾಯಿ ಹುಡುಕಿದ್ದೇ ಆಯಿತು.

ಮಧ್ಯಾಹ್ನ ಮುದ್ದೆ, ಅವರೆ ಸಾರು. ಅಕ್ಕ ಯಜಮಾನರ ತಟ್ಟೆಗೆ ಸೌಟು ತುಂಬ ಬಡಿಸಿ, "ಉಣ್ಣಿ, ನೀವೇ ಒಡ್ದಿರೋ ಬೇಳೆ" ಅಂದಳು. ಅವರು ತಲೆ ಬಗ್ಗಿಸಿ ಉಂಡರು. ಎರಡನೇ ಮುದ್ದೆಯನ್ನೂ ಉಂಡರು, ಅದು ಬೇರೆ ಮಾತು. ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದರು.

"ಬೆಳಿಗ್ಗೆಯಿಂದ ಸರಿಯಾಗಿ ಒಂದು ಮಾತೂ ಆಡ್ನಿಲ್ಲ ನೀನು. ಯಾಕೆ?"

ಅವತ್ತು ರಾತ್ರಿ ಹೇಳಲಾಗದ್ದು ಆಗ ಹೊರಗೆ ಬಂತು. "ಆ ಕಾರು ನನ್ ಕೈಲಿ ಓಡ್ಸೋಕಾಗಲ್ಲ ಕಣ್ರೀ. ದಿಂಬು ಹೊಲ್ಕೊಂಡೂ ನೋಡ್ದೆ. ನಾಳೆ ಇದು ಹೋದ್ರೆ ನಾನು ನೀವು ಕರ್ಕಂಡ್ ಹೋದ ಕಡೆಗೆ ಮಾತ್ರ ಹೋಗೋಳು ಆಗ್ತೀನಿ. ಅದು ನನಗೆ ಬೇಡ."

ಅವರು ಕೈ ತೊಳೆದು ಬಂದು ನನ್ನ ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಬಾನೆಟ್ ಮೇಲೆ ಕುಟ್ಟಲಿಲ್ಲ. ಬಗ್ಗಿ ಚಕ್ರಕ್ಕೆ ಸುತ್ತಿಕೊಂಡಿದ್ದ ಅವರೆ ಸೊಪ್ಪನ್ನು ಒಂದೊಂದಾಗಿ ಬಿಡಿಸಿ ತೆಗೆದರು. ಹೊರಡುವಾಗ ಅಕ್ಕ ಕೊಟ್ಟ ಅವರೆ ಚೀಲವನ್ನು ಅವರೇ ಎತ್ತಿ ನನ್ನ ಎಡಗಡೆ ಸೀಟಿನ ಮೇಲೆ ಇಟ್ಟರು. ಚೀಲದ ಮೂಲೆಯಲ್ಲಿ ತೂತಿತ್ತು ಅನ್ನುವುದು ನನಗೆ ಗೊತ್ತಾದದ್ದು ಮೊನ್ನೆ, ಗ್ಯಾರೇಜಿನಲ್ಲಿ.

ಸೋಮವಾರ ಬೆಳಿಗ್ಗೆ ಷೋರೂಮಿನ ಹುಡುಗ ಟೈ ಕಟ್ಟಿಕೊಂಡು ಬಂದ. ನಾನು ಒಳಗೆ ಮಿಷನ್ ಮುಂದೆ ಕೂತಿದ್ದೆ. ಕಾಲು ಪೆಡಲ್ ಮೇಲಿತ್ತು, ತುಳಿಯುವುದಕ್ಕೆ ಆಗುತ್ತಿರಲಿಲ್ಲ. ಗೇಟಿನಲ್ಲಿ ಅವನು, "ಸರ್, ಗಾಡಿ ಕೀ?" ಅಂದದ್ದು ಕೇಳಿಸಿತು.

"ಅದು ನನ್ ಗಾಡಿ ಅಲ್ಲಪ್ಪ. ಒಳಗೆ ಓನರ್ ಅವ್ರೆ, ಕೇಳು" ಅಂದರು ಯಜಮಾನರು. ಮತ್ತೆ ಅವರೇ, "ಅವ್ರು ಕೊಡಲ್ಲ. ಕೇಳೋಕೋಗಿ ಬೈಸ್ಕೋಬೇಡ. ಕಾಪಿ ಕುಡ್ಕಂಡ್ ಹೋಗು" ಅಂದರು.

ನಾನು ಅವತ್ತು ಹೊಲಿದ ರವಿಕೆಯ ಎರಡು ತೋಳೂ ಉಲ್ಟಾ ಆಗಿದ್ದವು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಗೆದ್ದವರಿಗೂ ಒಂದು ಕಷ್ಟ ಇರುತ್ತದೆ. ಯಜಮಾನರು ಆಮೇಲೆ ದೊಡ್ಡ ಕಾರಿನ ಮಾತೆತ್ತಲಿಲ್ಲ. ಸುಮ್ಮನೆ ಬಂದು ಮಡಚಿಕೊಂಡು ಕೂರುತ್ತಿದ್ದರು, ಮಂಡಿ ಗಲ್ಲಕ್ಕೆ ಹೊಡೆದರೂ ಸುಮ್ಮನಿರುತ್ತಿದ್ದರು. ಆ ಸುಮ್ಮನಿರುವುದೇ ನನಗೆ ಚುಚ್ಚತೊಡಗಿತು. ರವಿಕೆ ಬಿಗಿಯಾಯಿತು ಅಂತ ಬಂದವರಿಗೆ ನಾನು ಯಾವತ್ತಾದರೂ ಉಸಿರು ಬಿಗಿ ಹಿಡಿದುಕೊಳ್ಳಿ ಅಂದಿದ್ದೇನೆಯೇ? ಹೊಲಿಗೆ ಬಿಚ್ಚಿ ಒಳಗಿನ ಬಟ್ಟೆ ಬಿಟ್ಟುಕೊಡುತ್ತೇನೆ. ಹಿಂದಿನ ಸೀಟಿನಲ್ಲಿ ರವಿಕೆ ಗಂಟು ಬಿಟ್ಟರೆ ಬೇರೆ ಯಾರು ಕೂರುತ್ತಾರೆ? ನಾಗರಾಜುವಿನ ಹತ್ತಿರ ಹೋಗಿ, ಎಡಗಡೆ ಸೀಟನ್ನು ಬಿಚ್ಚಿ, ಅದರ ಕಂಬಿಗಳನ್ನು ಒಂದು ಗೇಣು ಹಿಂದಕ್ಕೆ ಕೂರಿಸಿಕೊಡು ಅಂದೆ. ಅಂಥದ್ದನ್ನು ಯಾರೂ ಮಾಡಿಸಲ್ಲ ಅಕ್ಕಾ ಅಂದ. ನಾನು ಮಾಡಿಸ್ತೀನಿ, ನೀನು ಮಾಡು ಅಂದೆ.

ಮೊಳೆತ ಅವರೆಯನ್ನು ಯಜಮಾನರು ಗೇಟಿನ ಪಕ್ಕ ನೆಟ್ಟಿದ್ದಾರೆ. ದಿನಾ ನೀರು ಹಾಕುತ್ತಾರೆ, ಬೀಜದಂಗಡಿಯವರಲ್ಲವೇ.

ನಿನ್ನೆ ಭಾನುವಾರ ಅಕ್ಕನ ಮನೆಗೆ ಹೊರಟೆವು. ಅವರು ಎಂದಿನಂತೆ ಮಂಡಿ ಮಡಚಿಕೊಂಡೇ ಒಳಗೆ ಬಂದು ಕೂತರು. ಕೂತ ಮೇಲೂ ಮಡಚಿಕೊಂಡೇ ಇದ್ದರು. "ಕಾಲು ಚಾಚಿ" ಅಂದೆ. ಅನುಮಾನದಿಂದ ಸ್ವಲ್ಪ ಚಾಚಿದರು. ಇನ್ನೂ ಸ್ವಲ್ಪ ಚಾಚಿದರು. ಪೂರ್ತಿ ಚಾಚಿ, ಬೆರಳು ಆಡಿಸಿ, ನನ್ನ ಕಡೆ ತಿರುಗಿದರು. "ಯಾವಾಗ ಅಳತೆ ತಗೊಂಡೆ?" ಅಂದರು. ನೀವು ಮಲಗಿದ್ದಾಗ ಅಂದೆ.

ಓಣಿ ದಾಟಿದೆವು, ಪೇಟೆ ದಾಟಿದೆವು. ಅಡ್ಡ ಬಂದ ಹಸುವಿಗೆ ಬ್ರೇಕ್ ಹಾಕಿದೆ, ಬೈಕಿನವನಿಗೆ ದಾರಿ ಬಿಟ್ಟೆ. ನಾಲೆ ಏರಿಯ ಮೇಲೆ ಈ ಸಲವೂ ಟ್ರ್ಯಾಕ್ಟರು ಎದುರಾಯಿತು. ಪಕ್ಕದಲ್ಲಿ ನುಸುಳುತ್ತಾ ಈಗ ನಿಧಾನ ಅನ್ನುತ್ತಾರೆ, ಈಗ ಅನ್ನುತ್ತಾರೆ ಅಂತ ಕಾದೆ. ಆಚೆ ದಾಟಿದ ಮೇಲೆ ತಿರುಗಿ ನೋಡಿದರೆ ಕಾಲು ನೀಡಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದರು. ಹಾರನ್ ಹೊಡೆಯಬೇಕಾದ ತಿರುವಿನಲ್ಲೂ ನಾನು ಹೊಡೆಯಲಿಲ್ಲ. ನಿಧಾನವಾಗಿ ತಿರುಗಿಸಿಕೊಂಡು ಹೋದೆ.